ರಂಗದ ಮೇಲೂ ಇರಬೇಕು, ಎದುರಿಗೂ ಕೂರಬೇಕು

ಪ್ರಶ್ನೆ: ಹನ್ನೆರಡು ವರ್ಷಗಳಿಂದ ರಂಗಭೂಮಿಯಲ್ಲಿ ನಟನೆ ಮಾಡುತ್ತಿದ್ದೇನೆ. ಈಗ ನಮ್ಮ ತಂಡ ಒಂದೂವರೆ ಗಂಟೆಯ ನಾಟಕವೊಂದನ್ನು ನಿರ್ದೇಶಿಸಲು ನನಗೆ ಹೇಳಿದೆ. ಮುಖ್ಯ ಪಾತ್ರವನ್ನೂ ನಾನೇ ಮಾಡಲಿ ಎಂಬುದು ಎಲ್ಲರ ಆಸೆ. ತಾಲೀಮಿಗೆ ಆರು ವಾರ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಮಾಡಬಹುದೇ? ಮಾಡುವುದಾದರೆ ತಾಲೀಮನ್ನು ಹೇಗೆ ಜೋಡಿಸಿಕೊಳ್ಳಬೇಕು? ಒಮ್ಮೆ ನಿರ್ದೇಶಕ ಅನ್ನಿಸಿಕೊಂಡರೆ ಆಮೇಲೆ ಯಾರೂ ಪಾತ್ರಕ್ಕೆ ಕರೆಯುವುದಿಲ್ಲ ಅನ್ನುತ್ತಾರೆ, ಅದು ನಿಜವೇ?

ಉತ್ತರ: ಮಾಡಬಹುದು, ಬಹಳ ಜನ ಮಾಡಿದ್ದಾರೆ. ಆದರೂ ನಿಮ್ಮ ಮೊದಲ ನಿರ್ದೇಶನ ಇದಾದ್ದರಿಂದ ನನ್ನ ಸಲಹೆ ಬೇರೆ: ನಾಟಕವನ್ನು ನಿರ್ದೇಶಿಸಿ, ಮುಖ್ಯ ಪಾತ್ರವನ್ನು ಬಿಡಿ. ಬಿಡಲು ಆಗುವುದೇ ಇಲ್ಲವೆಂದರೆ, ಮೊದಲ ತಾಲೀಮಿಗೂ ಮುಂಚೆ ನಿಮ್ಮ ಪರವಾಗಿ ಎದುರಿಗೆ ಕೂರುವ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಮಿಕ್ಕ ಲೆಕ್ಕಾಚಾರವೆಲ್ಲ ಆ ಒಬ್ಬರ ಮೇಲೆ ನಿಂತಿದೆ.

ನಿರ್ದೇಶಕ ನೋಡಬೇಕಾದದ್ದು ಪ್ರೇಕ್ಷಕ ಕೂರುವ ಜಾಗದಿಂದ. ನಟ ನೋಡಬೇಕಾದದ್ದು ಎದುರಿನ ಪಾತ್ರವನ್ನು. ಅದರ ಮಾತು ಕೇಳಿಸಿಕೊಂಡು ತಿರುಗಿ ಕೊಡಬೇಕು. ಒಂದೇ ಗಳಿಗೆಯಲ್ಲಿ ಎರಡನ್ನೂ ಮಾಡಹೊರಟವರ ಕಣ್ಣು ಬೇಗ ಸಿಕ್ಕಿಬೀಳುತ್ತದೆ. ಅದು ಎದುರಿನವರ ಮಾತಿಗೆ ಕಾಯುತ್ತಿರುವುದಿಲ್ಲ, ಮಾತು ಸರಿಯಾಗಿ ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿರುತ್ತದೆ. ಕೆಲವರ ತುಟಿ ಬೇರೆಯವರ ಮಾತಿಗೂ ಸಣ್ಣಗೆ ಅಲುಗುತ್ತಿರುತ್ತದೆ. ಇದನ್ನೆಲ್ಲ ಪ್ರೇಕ್ಷಕರು ಹೆಸರಿಟ್ಟು ಹೇಳಲಾರರು, ಆದರೆ ದೃಶ್ಯ ಸಪ್ಪೆಯಾಯಿತು ಅನ್ನುತ್ತಾರೆ. ಜೊತೆಯ ನಟರ ಪಾಡು ಇನ್ನೂ ಕಷ್ಟ. ಅವರ ಮುಂದೆ ನಿಂತಿರುವುದು ಪಾತ್ರವೋ ಪರೀಕ್ಷಕನೋ ಎಂದು ಅವರಿಗೇ ತಿಳಿಯುವುದಿಲ್ಲ. ಒಂದು ವಾರದಲ್ಲಿ ಅವರ ಆಟ ಮುದುಡಿಕೊಳ್ಳುತ್ತದೆ.

ಪಾತ್ರ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸಲು ನಾಟಕದ ಪ್ರತಿ ಹಿಡಿದು ಕೂತುಕೊಳ್ಳಿ. ಆ ಪ್ರತಿಯಲ್ಲಿ ಒಟ್ಟು 60 ಪುಟ ಇದೆ ಅಂದುಕೊಳ್ಳೋಣ. ನೀವು ರಂಗದ ಮೇಲಿರುವ ಪ್ರತಿ ಪುಟಕ್ಕೂ ಪೆನ್ಸಿಲ್ ಗೆರೆ ಹಾಕಿ, ಮಾತಿಲ್ಲದೆ ಸುಮ್ಮನೆ ನಿಂತಿದ್ದರೂ ಸರಿ. 15 ಪುಟದೊಳಗಿದ್ದರೆ ಒಬ್ಬ ಒಳ್ಳೆಯ ಸಹಾಯಕರಿದ್ದರೆ ಸಾಕು. 30ರವರೆಗೆ ಹೋದರೆ ಪ್ರತಿದಿನ ಬರುವ ಸಹ ನಿರ್ದೇಶಕರು ಬೇಕೇ ಬೇಕು. ಅದಕ್ಕೂ ಮೀರಿದರೆ ಆ ನಾಟಕಕ್ಕೆ ನಿರ್ದೇಶಕರು ಬೇರೆ ಇರಬೇಕು. ಪುಟದ ಲೆಕ್ಕದ ಜೊತೆಗೆ ಇನ್ನೊಂದನ್ನೂ ನೋಡಿ. ಇಬ್ಬರೇ ಇರುವ ದೃಶ್ಯದಲ್ಲಿ ನೀವಿದ್ದರೆ ಹೇಗೋ ನಿಭಾಯಿಸಬಹುದು. ಎಂಟು ಹತ್ತು ಜನರ ದೃಶ್ಯದಲ್ಲಿ ಯಾರು ಯಾರನ್ನು ಮರೆಮಾಡುತ್ತಿದ್ದಾರೆ, ಕಣ್ಣು ಎಲ್ಲಿಗೆ ಹರಿಯುತ್ತಿದೆ ಎನ್ನುವುದು ಹೊರಗಿನಿಂದ ಮಾತ್ರ ಕಾಣುವ ಸಂಗತಿ. ನಿಮ್ಮ ಗೆರೆಗಳೆಲ್ಲ ಗುಂಪಿನ ದೃಶ್ಯಗಳಲ್ಲೇ ಬಿದ್ದಿದ್ದರೆ 15 ಪುಟವೂ ಭಾರವೇ.

ನಿರ್ದೇಶಕ ಎಂಬ ಬೇರೆ ಕುರ್ಚಿ ಬಂದದ್ದೇ ಈಚೆಗೆ. ಅದಕ್ಕೆ ಮುಂಚೆ ತಂಡದ ಯಜಮಾನನೇ ದೊಡ್ಡ ಪಾತ್ರ ಕಟ್ಟಿ, ಉಳಿದವರಿಗೆ ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದ. ಫ್ರೆಂಚ್ ನಾಟಕಕಾರ ಮೋಲಿಯೇರ್ 1673ರ ಫೆಬ್ರವರಿ 17ರಂದು ಕುಸಿದದ್ದು ತಾನೇ ಬರೆದು ತಾನೇ ನಟಿಸುತ್ತಿದ್ದ ನಾಟಕದ ನಾಲ್ಕನೆಯ ಪ್ರದರ್ಶನದಲ್ಲಿ; ಅಂದು ರಾತ್ರಿಯೇ ತೀರಿಕೊಂಡ. ತಂಡದ ಇಡೀ ಹೊರೆ ಒಬ್ಬನ ಹೆಗಲ ಮೇಲಿದ್ದರೆ ಆಟ ನಿಲ್ಲಿಸುವ ಸ್ವಾತಂತ್ರ್ಯವೂ ಅವನಿಗಿರುವುದಿಲ್ಲ. 1874ರಲ್ಲಿ ಜರ್ಮನಿಯ ಮೈನಿಂಗನ್ ಸಂಸ್ಥಾನದ ದೊರೆ, ಡ್ಯೂಕನ ತಂಡ ಬರ್ಲಿನ್‌ಗೆ ಬಂದು ಗುಂಪಿನ ದೃಶ್ಯಗಳಿಂದಲೇ ಹೆಸರು ಮಾಡಿತು. ಆ ಡ್ಯೂಕ್ ರಂಗದ ಮೇಲೆ ಬರುತ್ತಿರಲಿಲ್ಲ, ಹೊರಗೆ ಕೂತು ಚಿತ್ರಕಾರನ ಕಣ್ಣಿನಿಂದ ನೋಡುತ್ತಿದ್ದ. ಮುಂದೆ ಎರಡೂ ಕೆಲಸ ಮಾಡಿ ಗೆದ್ದವರನ್ನು ಗಮನಿಸಿದರೆ, ಹೊರಗೆ ಒಂದು ಕಣ್ಣಿಟ್ಟೇ ಒಳಗೆ ಹೋದವರು ಅವರಲ್ಲಿ ಕಾಣುತ್ತಾರೆ. ರಷ್ಯಾದ ನಟ, ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ 1898ರಲ್ಲಿ ಚೆಕಾಫ್‌ನ ನಾಟಕದಲ್ಲಿ ಲೇಖಕ ಟ್ರಿಗೋರಿನ್‌ನ ಪಾತ್ರ ಮಾಡಿದಾಗ ನಿರ್ದೇಶನದಲ್ಲಿ ನೆಮಿರೋವಿಚ್ ಡಾನ್ಚೆಂಕೊ ಜೊತೆಗಿದ್ದರು. ನಟ ಲಾರೆನ್ಸ್ ಒಲಿವಿಯೇ ಬ್ರಿಟನ್ನಿನ ನ್ಯಾಷನಲ್ ಥಿಯೇಟರಿಗೆ ಮೊದಲ ಮುಖ್ಯಸ್ಥರಾದಾಗ 1963ರ ಉದ್ಘಾಟನೆಯ ಹ್ಯಾಮ್ಲೆಟ್ಟನ್ನು ತಾವು ನಿರ್ದೇಶಿಸಿ ಪಾತ್ರವನ್ನು ಪೀಟರ್ ಓಟೂಲ್‌ಗೆ ಕೊಟ್ಟರು. ಮರುವರ್ಷ ತಾವೇ ಒಥೆಲೋ ಆದಾಗ ನಿರ್ದೇಶನ ಜಾನ್ ಡೆಕ್ಸ್‌ಟರ್ ಅವರದು. ಎರಡೂ ಬಲ್ಲವರು ಎರಡನ್ನೂ ಒಂದೇ ನಾಟಕದಲ್ಲಿ ಮಾಡಲೇಬೇಕೆಂದೇನಿಲ್ಲ. ಒಬ್ಬರೇ ಮಾಡಿ ಗೆದ್ದ ಉದಾಹರಣೆಯೂ ಇದೆ, 1934ರಲ್ಲಿ ಇಂಗ್ಲಿಷ್ ನಟ ಜಾನ್ ಗಿಲ್‌ಗುಡ್ ಹ್ಯಾಮ್ಲೆಟ್ ಆಗಿ ನಟಿಸಿ ತಾವೇ ನಿರ್ದೇಶಿಸಿದ್ದು. ಆದರೆ ಅವರು ಆ ಪಾತ್ರವನ್ನು ಕೆಲವು ವರ್ಷ ಮುಂಚೆಯೇ ಬೇರೆ ನಿರ್ದೇಶಕರ ಕೈಕೆಳಗೆ ಮಾಡಿ ಅರಗಿಸಿಕೊಂಡಿದ್ದರು ಎಂಬುದನ್ನು ಜನ ಮರೆಯುತ್ತಾರೆ.

ಇಷ್ಟಾದ ಮೇಲೂ ನೀವು ಎರಡನ್ನೂ ಮಾಡುವುದೆಂದು ಇಟ್ಟುಕೊಂಡು ಮುಂದೆ ಹೇಳುತ್ತೇನೆ.

ಮೂರು ಜನ ಬೇಕು, ಮೂವರೂ ಬೇರೆ ಬೇರೆಯಾಗಿರಬೇಕು. ಮೊದಲನೆಯವರು ಸಹ ನಿರ್ದೇಶಕರು. ಇವರು ಆ ನಾಟಕದಲ್ಲಿ ನಟಿಸುತ್ತಿರಬಾರದು, ನಿಮ್ಮ ಮುಖ ನೋಡಿ ಮಾತು ನುಂಗುವವರೂ ಆಗಿರಬಾರದು. ನೀವಿರುವ ದೃಶ್ಯದಲ್ಲಿ ನಿಮ್ಮ ನಟನೆಯ ಬಗ್ಗೆ ಇವರ ಮಾತೇ ಕೊನೆ ಎಂದು ಮೊದಲ ದಿನ ಎಲ್ಲರ ಮುಂದೆ ಹೇಳಿಬಿಡಿ. ಖಾಸಗಿಯಾಗಿ ಹೇಳಿದರೆ ಸಾಲದು. ತಂಡಕ್ಕೆ ಗೊತ್ತಿಲ್ಲದ ಅಧಿಕಾರ ಅಧಿಕಾರವೇ ಅಲ್ಲ. ಎರಡನೆಯವರು ನಿಮ್ಮ ಬದಲಿ ನಟರು. ಎತ್ತರ, ಮೈಕಟ್ಟು ಸುಮಾರಾಗಿ ನಿಮ್ಮಷ್ಟೇ ಇದ್ದರೆ ಬೆಳಕಿನ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ. ಕೈಯಲ್ಲಿ ಪ್ರತಿ ಹಿಡಿದು ನಿಮ್ಮ ಜಾಗದಲ್ಲಿ ನಡೆದಾಡಿ, ನಿಮ್ಮ ಮಾತು ಹೇಳುವುದು ಇವರ ಕೆಲಸ. ಮೂರನೆಯವರು ಸ್ಟೇಜ್ ಮ್ಯಾನೇಜರ್. ಪ್ರತಿಯ ಒಂದು ಬದಿಗೆ ಮಾತು, ಎದುರು ಬದಿಗೆ ಖಾಲಿ ಹಾಳೆ ಇರುವ ಪುಸ್ತಕವನ್ನು ಇವರು ಇಟ್ಟುಕೊಂಡು ಚಲನೆ, ಕ್ಯೂ (ಬೆಳಕು, ಶಬ್ದ, ಪ್ರವೇಶ ಯಾವಾಗ ಬರಬೇಕೆಂಬ ಸೂಚನೆ), ಪರಿಕರ ಎಲ್ಲವನ್ನೂ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾರೆ. ಪೆನ್ನು ಬೇಡ, ಅರ್ಧಕ್ಕರ್ಧ ಬದಲಾಗುತ್ತದೆ. ಜನ ಕಡಿಮೆಯೆಂದು ಸಹ ನಿರ್ದೇಶಕರಿಗೇ ಈ ಪುಸ್ತಕವನ್ನೂ ಕೊಟ್ಟರೆ ಅವರ ಕಣ್ಣು ಪುಟದ ಮೇಲಿರುತ್ತದೆ, ರಂಗದ ಮೇಲಿರುವುದಿಲ್ಲ.

ಪಾತ್ರ ಹಂಚುವಾಗ ನಿಮ್ಮೆದುರು ಬರುವ ಪಾತ್ರಗಳಿಗೆ ನೀವೇ ಎದುರು ಮಾತು ಓದಬೇಡಿ. ಬದಲಿ ನಟರು ಓದಲಿ, ನೀವು ದೂರ ಕೂತು ನೋಡಿ. ಪ್ರತಿಯನ್ನು ಕತ್ತರಿಸುವುದಿದ್ದರೆ ನಿಮ್ಮ ಪಾತ್ರದ ಸಾಲುಗಳ ಮೇಲೆ ಕತ್ತರಿ ಹಾಕುವ ಹಕ್ಕನ್ನು ಸಹ ನಿರ್ದೇಶಕರಿಗೆ ಕೊಡಿ. ತಮ್ಮ ಮಾತು ತಾವೇ ಕತ್ತರಿಸುವವರು ಎರಡು ಬಗೆ: ಒಂದು ಸಾಲೂ ಬಿಡದವರು, ಸಂಕೋಚಕ್ಕೆ ಬೇಕಾದ ಸಾಲನ್ನೂ ಕಿತ್ತು ಕಥೆಗೆ ತೂತು ಮಾಡುವವರು.

ಈಗ ದಿನದ ಲೆಕ್ಕ. ಆರು ವಾರ, ವಾರಕ್ಕೆ ಆರು ದಿನ, ದಿನಕ್ಕೆ ನಾಲ್ಕು ಗಂಟೆ ಎಂದರೆ 36 ದಿನ, 144 ಗಂಟೆ. ಇದನ್ನು ಹೀಗೆ ಒಡೆಯಬಹುದು: ಕೂತು ಓದಲು 4 ದಿನ, ಬ್ಲಾಕಿಂಗಿಗೆ (ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಎಲ್ಲಿಗೆ ನಡೆಯಬೇಕೆಂದು ಗೊತ್ತುಮಾಡುವುದಕ್ಕೆ) 10 ದಿನ, ದೃಶ್ಯ ದೃಶ್ಯವಾಗಿ ಕೆಲಸ ಮಾಡಲು 12, ಇಡೀ ನಾಟಕವನ್ನು ಮೊದಲಿಂದ ಕೊನೆಯವರೆಗೆ ಆಡುವ ಪೂರ್ತಿ ಓಟಗಳಿಗೆ 6, ಬೆಳಕು, ಶಬ್ದ ಹೊಂದಿಸುವ ತಾಂತ್ರಿಕ ತಾಲೀಮಿಗೆ 2, ವೇಷಭೂಷಣದೊಂದಿಗೆ ಗ್ರ್ಯಾಂಡ್ ರಿಹರ್ಸಲ್‌ಗೆ 2. ಬ್ಲಾಕಿಂಗ್‌ನಲ್ಲಿ ದಿನಕ್ಕೆ 6 ಪುಟ ಆಗಬೇಕು. ನಾಲ್ಕು ಗಂಟೆಗೆ ಇದು ಆಗುವ ಮಾತು. ಬರೀ ನಿರ್ದೇಶಿಸುವವರಿಗೂ ಇದೇ ಹಂಚಿಕೆ ಹೊಂದುತ್ತದೆ. ನಟನಾಗಿಯೂ ಇರುವ ನಿಮಗೆ ಎರಡು ಗಡುವುಗಳು ಹೆಚ್ಚು. ಐದನೆಯ ದಿನ ಬ್ಲಾಕಿಂಗ್ ಶುರುವಾಗುವಾಗ ನಿಮ್ಮ ಮಾತೆಲ್ಲ ಬಾಯಿಪಾಠವಾಗಿರಬೇಕು. ಉಳಿದವರಿಗೆ ಮೂರನೆಯ ವಾರದವರೆಗೆ ಸಮಯ ಕೊಟ್ಟರೂ ನಿಮಗಿಲ್ಲ. 26ನೆಯ ದಿನ ಮುಗಿದ ಮೇಲೆ ನೀವಿರುವ ದೃಶ್ಯಗಳಲ್ಲಿ ಹೊಸ ಬದಲಾವಣೆ ಇರಬಾರದು. ಈ ಎರಡನೆಯ ಗಡುವನ್ನು ಮುರಿದ ನಾಟಕಗಳಲ್ಲಿ ಮೊದಲ ಪ್ರದರ್ಶನದ ದಿನ ಎಡವುವುದು ಸಾಮಾನ್ಯವಾಗಿ ನಿರ್ದೇಶಕನೇ: ಎಲ್ಲರ ಚಲನೆ ಬದಲಿಸಿದವನಿಗೆ ತನ್ನ ಹೊಸ ಚಲನೆಯನ್ನು ಮೈಗೂಡಿಸಿಕೊಳ್ಳಲು ಸಮಯ ಉಳಿದಿರುವುದಿಲ್ಲ.

ನೀವಿರುವ ಒಂದು ದೃಶ್ಯದ ತಾಲೀಮು ಹೇಗಿರಬೇಕು? ಮೊದಲ ಸುತ್ತು ಬದಲಿ ನಟರದು. ನೀವು ಏಳೆಂಟನೆಯ ಸಾಲಿನ ದೂರದಲ್ಲಿ ಕೂತು ನೋಡಿ, ನಡುವೆ ಎದ್ದು ಎಡದ ಕೊನೆಗೂ ಬಲದ ಕೊನೆಗೂ ಹೋಗಿ. ಬೇಕಾದಲ್ಲಿ ನಿಲ್ಲಿಸಿ, ಸರಿಮಾಡಿ. ಎರಡನೆಯ ಸುತ್ತಿಗೆ ನೀವು ಒಳಗೆ ಹೋಗಿ, ಕೈಯಲ್ಲಿ ಹಾಳೆ ಪೆನ್ಸಿಲ್ ಏನೂ ಇರಬಾರದು. ಈ ಸುತ್ತಿನಲ್ಲಿ ದೃಶ್ಯವನ್ನು ನಿಲ್ಲಿಸುವ ಹಕ್ಕು ನಿಮಗಿಲ್ಲ. ಜೊತೆಯವರು ಸಾಲು ತಪ್ಪಲಿ, ಕುರ್ಚಿ ಬೀಳಲಿ, ಪಾತ್ರದಲ್ಲಿದ್ದುಕೊಂಡೇ ದಾಟಬೇಕು. ನಿಲ್ಲಿಸುವುದು ಸಹ ನಿರ್ದೇಶಕರು ಮಾತ್ರ. ಸುತ್ತು ಮುಗಿದ ಮೇಲೆ ನೀವಿಬ್ಬರೇ ಐದು ನಿಮಿಷ ಮಾತಾಡಿ, ಆಮೇಲೆ ಮೂರನೆಯ ಸುತ್ತು. ಎಲ್ಲರೂ ಒಪ್ಪಿ ಎಲ್ಲರೂ ಮುರಿಯುವ ನಿಯಮ ಇದು. ಎರಡು ದಿನ ಮುರಿದರೆ ಸಾಕು, ನಿಮ್ಮ ಜೊತೆಗಿರುವ ನಟರು ಪ್ರತಿ ಮಾತಿಗೂ ನಿಮ್ಮ ಹುಬ್ಬು ನೋಡಲು ಶುರುಮಾಡುತ್ತಾರೆ. ನಿರ್ದೇಶಕನಿಂದ ಪಾತ್ರಕ್ಕೆ ದಾಟುವುದನ್ನು ಎಲ್ಲರಿಗೂ ಕಾಣುವಂತೆ ಮಾಡುವುದೂ ಒಳ್ಳೆಯದು: ಪಾತ್ರದ ಚಪ್ಪಲಿ ಹಾಕಿಕೊಳ್ಳಿ, ಕನ್ನಡಕ ತೆಗೆದಿಡಿ. ನೋಡಲು ಸಣ್ಣದು, ಜೊತೆಯವರಿಗೆ ದೊಡ್ಡ ನಿರಾಳ.

ಪೂರ್ತಿ ಓಟಗಳಲ್ಲಿ ಮೊದಲ ಎರಡನ್ನು ಬದಲಿ ನಟರೇ ಮಾಡಲಿ. ಇಡೀ ನಾಟಕವನ್ನು ನೀವು ಹೊರಗಿನಿಂದ ನೋಡುವ ಅವಕಾಶ ಅಷ್ಟೇ. ಓಟ ಓಟಕ್ಕೂ ಅಂಕವಾರು ಸಮಯ ಬರೆದಿಡಿ.

ತಮ್ಮನ್ನು ತಾವೇ ನಿಲ್ಲಿಸಿಕೊಳ್ಳುವಾಗ ಆಗುವ ತಪ್ಪುಗಳೂ ಗುರುತು ಸಿಗುವಂಥವು. ಕೆಲವರು ಪ್ರತಿ ದೃಶ್ಯದಲ್ಲೂ ನಡುಮಧ್ಯಕ್ಕೇ ಬಂದು ನಿಲ್ಲುತ್ತಾರೆ, ಉಳಿದವರು ಅರ್ಧ ಚಂದ್ರದ ಹಾಗೆ ಸುತ್ತ ನಿಲ್ಲುತ್ತಾರೆ. ಇನ್ನು ಕೆಲವರು ವಿನಯದಿಂದ ಹಿಂದಿನ ಮೂಲೆ ಹಿಡಿಯುತ್ತಾರೆ, ನಾಟಕದ ಮುಖ್ಯ ತಿರುವು ಕತ್ತಲಲ್ಲಿ ನಡೆದುಹೋಗುತ್ತದೆ. ಮೂರನೆಯದು ನನಗೆ ಹೆಚ್ಚು ಕುತೂಹಲದ್ದು: ಎಲ್ಲರನ್ನೂ ನೋಡುತ್ತಿರಬೇಕೆಂಬ ಒಳಗಿನ ಆಸೆಗೆ ನಿರ್ದೇಶಕ ತನ್ನ ಪಾತ್ರವನ್ನು ಗೊತ್ತಿಲ್ಲದೆಯೇ ರಂಗದ ಹಿಂಭಾಗದಲ್ಲಿ, ಎಲ್ಲರೂ ಕಾಣುವ ಜಾಗದಲ್ಲಿ ಇಟ್ಟುಕೊಳ್ಳುತ್ತಾನೆ. ಆಗ ಜೊತೆಯವರು ಅವನೊಂದಿಗೆ ಮಾತಾಡಲು ಪ್ರೇಕ್ಷಕರಿಗೆ ಬೆನ್ನು ತಿರುಗಿಸಬೇಕಾಗುತ್ತದೆ. ಇದಕ್ಕೆ ಮದ್ದು ಕಾಗದದ ಮೇಲೆ ಮಾಡುವ ಕೆಲಸ. ರಂಗದ ನಕ್ಷೆಯನ್ನು 1:25 ಅಳತೆಯಲ್ಲಿ ಬರೆಸಿ. ಎಂಟು ಮೀಟರ್ ಅಗಲದ ರಂಗ 32 ಸೆಂಟಿಮೀಟರ್ ಆಗುತ್ತದೆ. ಪಾತ್ರಕ್ಕೊಂದು ಗುಂಡಿ ಇಟ್ಟು ಸರಿಸುತ್ತ ಹೋಗಿ. ಗುಂಡಿಗಳಲ್ಲಿ ನಿಮ್ಮದು ಯಾವುದೆಂದು ಮರೆತು ಕೂತರೆ ತಪ್ಪು ಕೂಡಲೇ ಕಾಣುತ್ತದೆ. ತಾಲೀಮಿನ ಜಾಗದಲ್ಲಿ ಇದೇ ನಕ್ಷೆಯನ್ನು ನಿಜ ಅಳತೆಗೆ ನೆಲದ ಮೇಲೆ ಟೇಪಿನಿಂದ ಗುರುತು ಹಾಕಿಸಿ.

ನಟರಾಗಿ ಬಂದ ನಿರ್ದೇಶಕರ ದೊಡ್ಡ ಚಟ, ಮಾತು ಹೇಳಿ ತೋರಿಸುವುದು. ನಿಮಗೆ ಅದು ಸುಲಭ, ಸೊಗಸಾಗಿಯೂ ಬರುತ್ತದೆ. ಕೇಳಿದ ನಟ ರಾಗವನ್ನು ಹಿಡಿದುಕೊಳ್ಳುತ್ತಾನೆ, ಆ ರಾಗ ಎಲ್ಲಿಂದ ಹುಟ್ಟಿತು ಎನ್ನುವುದು ಅವನಿಗೆ ಸಿಕ್ಕಿರುವುದಿಲ್ಲ. ಮೂರು ಪ್ರದರ್ಶನ ಕಳೆಯುವಷ್ಟರಲ್ಲಿ ರಾಗ ಒಣಗಿ ಬರೀ ಏರಿಳಿತ ಉಳಿಯುತ್ತದೆ. ತೋರಿಸುವ ಬದಲು ಆ ಸಾಲಿನಿಂದ ಪಾತ್ರ ಏನು ಮಾಡುತ್ತಿದೆ ಎಂದು ಕ್ರಿಯಾಪದದಲ್ಲಿ ಕೇಳಿ: ಗದರಿಸುತ್ತಿದೆಯೇ, ಗೋಗರೆಯುತ್ತಿದೆಯೇ, ಮಾತು ತೇಲಿಸುತ್ತಿದೆಯೇ? ಕ್ರಿಯಾಪದ ಬದಲಾದರೆ ಸ್ವರ ತಾನಾಗಿ ಬದಲಾಗುತ್ತದೆ. ‘ಇನ್ನೂ ದುಃಖ ಬೇಕು’ ಎಂಬಂಥ ಸೂಚನೆಯಿಂದ ಮುಖ ಜೋತುಬೀಳುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಓಟದ ನಂತರದ ಟಿಪ್ಪಣಿಗಳನ್ನು ಸಹ ನಿರ್ದೇಶಕರು ಬರೆದುಕೊಳ್ಳಲಿ: ಪುಟ, ನಟರ ಹೆಸರು, ಒಂದು ಸಾಲು. ಒಬ್ಬರಿಗೆ ಒಮ್ಮೆಗೆ ಏಳೆಂಟಕ್ಕಿಂತ ಹೆಚ್ಚು ಬೇಡ, ಒಟ್ಟು ಅರ್ಧ ಗಂಟೆ ಮೀರದಿರಲಿ. ನಿಮಗೆ ಬಂದ ಟಿಪ್ಪಣಿಯನ್ನೂ ಎಲ್ಲರ ಮುಂದೆಯೇ ಓದಲಿ, ನೀವು ವಾದಿಸದೆ ಬರೆದುಕೊಳ್ಳಿ. ತಂಡ ನಿಮ್ಮ ಮಾತನ್ನು ಹೇಗೆ ತೆಗೆದುಕೊಳ್ಳುತ್ತದೆ ಎನ್ನುವುದು ಆ ಎರಡು ನಿಮಿಷದಲ್ಲಿ ನಿರ್ಧಾರವಾಗುತ್ತದೆ.

ವಿಡಿಯೋ ಇದೆಯಲ್ಲ, ಸಹ ನಿರ್ದೇಶಕರೇಕೆ ಎಂದು ಕೇಳುವವರಿದ್ದಾರೆ. ಕ್ಯಾಮೆರಾವನ್ನು ನಡುಸಾಲಿನಲ್ಲಿ, ಇಡೀ ರಂಗ ಕಾಣುವಂತೆ, ಅಲುಗಿಸದೆ ಇಟ್ಟರೆ ಯಾರು ಯಾರನ್ನು ಮರೆಮಾಡಿದರು, ಎಲ್ಲಿ ಮೌನ ಉದ್ದವಾಯಿತು ಎನ್ನುವುದು ತಿಳಿಯುತ್ತದೆ. ನಟನೆಯ ಬಿಸಿ ಅದರಲ್ಲಿ ಬರುವುದಿಲ್ಲ. ರಂಗಕ್ಕೆ ಸರಿಯಾದ ಅಳತೆಯ ಅಭಿನಯ ಪರದೆಯಲ್ಲಿ ದೊಡ್ಡದೆನಿಸುತ್ತದೆ, ನೋಡಿದ ನೀವು ಮರುದಿನ ಕುಗ್ಗಿಸಿಬಿಡುತ್ತೀರಿ, ಹಿಂದಿನ ಸಾಲಿಗೆ ಏನೂ ತಲುಪುವುದಿಲ್ಲ. ಬೇಕಾದ ದೃಶ್ಯವನ್ನಷ್ಟೇ ನೋಡಿ, ಮೊದಲ ಸಲ ಶಬ್ದ ತೆಗೆದು ನೋಡಿ.

ಬೆಳಕಿನ ಕೆಲಸವನ್ನು ರಂಗದ ಮೇಲಿನಿಂದ ನೋಡಿ ಒಪ್ಪಬೇಡಿ. ದೀಪ ಕಣ್ಣಿಗೆ ಹೊಡೆಯುತ್ತಿರುವುದರಿಂದ ನಿಮಗೆ ಬೇಕಾದಷ್ಟು ಬೆಳಕಿದೆ ಎನಿಸುತ್ತದೆ, ಎದುರಿನಿಂದ ನೋಡಿದರೆ ಹುಬ್ಬಿನ ಕೆಳಗೆ ಕಣ್ಣೇ ಕಾಣುತ್ತಿರುವುದಿಲ್ಲ. ಬದಲಿ ನಟರು ನಿಮ್ಮ ವೇಷದ ಬಣ್ಣದ್ದೇ ಬಟ್ಟೆ ತೊಟ್ಟು ನಿಮ್ಮ ಗುರುತಿನ ಮೇಲೆ ನಿಲ್ಲಲಿ. ಬಿಳಿ ಅಂಗಿ ಹಾಕಿದವರನ್ನು ನಿಲ್ಲಿಸಿ ಮಟ್ಟ ಹಿಡಿದರೆ ಗಾಢ ಬಣ್ಣದ ವೇಷದಲ್ಲಿ ನೀವು ಮಂಕಾಗುತ್ತೀರಿ. ತಾಂತ್ರಿಕ ತಾಲೀಮಿನಲ್ಲಿ ಮಾತೆಲ್ಲ ಹೇಳದೆ ಕ್ಯೂನಿಂದ ಕ್ಯೂಗೆ ಹಾರುವುದು ವಾಡಿಕೆ. 60 ಕ್ಯೂ ಇದ್ದು ಒಂದೊಂದಕ್ಕೆ ನಾಲ್ಕೈದು ನಿಮಿಷ ಹಿಡಿದರೂ ನಾಲ್ಕರಿಂದ ಐದು ಗಂಟೆ. ಅಷ್ಟು ಹೊತ್ತೂ ಬದಲಿ ನಟರೇ ಒಳಗಿರಲಿ, ನೀವು ಬೆಳಕಿನ ವಿನ್ಯಾಸಕರ ಪಕ್ಕದಲ್ಲಿರಿ. ಎರಡನೆಯ ದಿನ ನೀವು ಒಳಗೆ ಹೋಗಿ. ಗ್ರ್ಯಾಂಡ್ ರಿಹರ್ಸಲ್ ಶುರುವಾದ ಕ್ಷಣದಿಂದ ರಂಗ ಸ್ಟೇಜ್ ಮ್ಯಾನೇಜರ್ ಕೈಯಲ್ಲಿ. ರಂಗದ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ ನಿಂತು ಕ್ಯೂ ಪಿಸುಗುಟ್ಟುವ ನಿರ್ದೇಶಕ ತನ್ನ ಎಂಟ್ರಿ ತಪ್ಪಿಸಿಕೊಳ್ಳುತ್ತಾನೆ.

ಗಂಟಲಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಾಲ್ಕು ಗಂಟೆ ಗದ್ದಲದ ಮೇಲೆ ಕೂಗಿ ಸೂಚನೆ ಕೊಟ್ಟವರು ಸಂಜೆ ಪೂರ್ತಿ ಓಟದಲ್ಲಿ ಪಾತ್ರ ಮಾಡಿದರೆ ಐದನೆಯ ವಾರಕ್ಕೆ ಸ್ವರ ಒಡೆಯುತ್ತದೆ. ತಾಂತ್ರಿಕ ದಿನಗಳಲ್ಲಿ ಮೈಕ್ ಬಳಸಿ, ಓಟವಿರುವ ದಿನ ಟಿಪ್ಪಣಿಯನ್ನು ಬರೆದೇ ಕೊಡಿ, ವಾರ್ಮಪ್ಪನ್ನು ಬೇರೆಯವರು ಮಾಡಿಸಲಿ. ದಣಿದ ಗಂಟಲಿಗೆ ಪಿಸುಮಾತು ವಿಶ್ರಾಂತಿಯಲ್ಲ, ಅದೂ ಶ್ರಮವೇ. ಸುಮ್ಮನಿರುವುದೊಂದೇ ವಿಶ್ರಾಂತಿ.

ಪ್ರದರ್ಶನಗಳು ಶುರುವಾದ ಮೇಲೆ ನಾಟಕ ನಿಧಾನವಾಗಿ ಸಡಿಲವಾಗುತ್ತದೆ. ನಗೆ ಬಂದ ಕಡೆ ನಟರು ಇನ್ನಷ್ಟು ಎಳೆಯುತ್ತಾರೆ, ಮೌನಗಳು ಉದ್ದವಾಗುತ್ತವೆ. 90 ನಿಮಿಷದ ನಾಟಕ 95ಕ್ಕೆ ಹೋದರೆ ಒಳಗೆ ಏನೋ ಕೊಬ್ಬಿದೆ ಎಂದೇ ಅರ್ಥ, ಬರೆದಿಟ್ಟ ಅಂಕವಾರು ಸಮಯ ಎಲ್ಲಿ ಎಂದು ತೋರಿಸುತ್ತದೆ. ಒಳಗಿರುವ ನಿಮಗೆ ಅದು ಗೊತ್ತಾಗುವುದಿಲ್ಲ, ಬಹುಶಃ ಎಳೆಯುತ್ತಿರುವವರಲ್ಲಿ ನೀವೂ ಒಬ್ಬರು. ಐದಾರು ಪ್ರದರ್ಶನಕ್ಕೊಮ್ಮೆ ಸಹ ನಿರ್ದೇಶಕರು ಬಂದು ನೋಡುವ ಏರ್ಪಾಡಿರಲಿ. ಬದಲಿ ನಟರು ಪಾತ್ರಕ್ಕೆ ಸಿದ್ಧರಾಗಿದ್ದರೆ ಒಂದು ಪ್ರದರ್ಶನ ಅವರಿಗೆ ಕೊಟ್ಟು ನೀವೇ ಹಿಂದಿನ ಸಾಲಿನಲ್ಲಿ ಕೂರಿ.

ಇನ್ನು ವೃತ್ತಿಯ ಮಾತು. ನೀವು ಕೇಳಿದ ಅಂಜಿಕೆ ಪೂರ್ತಿ ಸುಳ್ಳಲ್ಲ. ನಿರ್ದೇಶಿಸಿದ ನಟರನ್ನು ಪಾತ್ರಕ್ಕೆ ಕರೆಯಲು ಕೆಲವರು ಹಿಂಜರಿಯುವುದು, ಇವರು ತಾಲೀಮಿನಲ್ಲಿ ಇನ್ನೊಬ್ಬ ನಿರ್ದೇಶಕರಾಗಿ ಕೂರುತ್ತಾರೆ ಎಂಬ ಭಯಕ್ಕೆ. ಬೇರೆಯವರ ತಾಲೀಮಿನಲ್ಲಿ ಸಹನಟರಿಗೆ ಒಂದೇ ಒಂದು ಸಲಹೆ ಕೊಟ್ಟರೂ, ಅದು ಕಾಫಿ ಕುಡಿಯುತ್ತ ಹೇಳಿದ್ದಾದರೂ, ಆ ಭಯ ನಿಜವಾಗುತ್ತದೆ. ಕೇಳಿ ಬಂದವರನ್ನೂ ‘ನಿರ್ದೇಶಕರನ್ನೇ ಕೇಳಿ’ ಎಂದು ಕಳಿಸಿ. ವರ್ಷಕ್ಕೊಂದಾದರೂ ಪಾತ್ರವನ್ನು ಬೇರೆಯವರ ಕೈಕೆಳಗೆ ಮಾಡಿ. ಬರೀ ತಮ್ಮ ನಾಟಕದಲ್ಲೇ ನಟಿಸುವವರಿಗೆ ತಮ್ಮ ಹಳೆಯ ಚಾಳಿ ಹೇಳುವವರೇ ಇರುವುದಿಲ್ಲ. ಎರಡನ್ನೂ ಬಲ್ಲ ಗೆಳೆಯರಿದ್ದರೆ ಒಬ್ಬರು ಇನ್ನೊಬ್ಬರನ್ನು ನಿರ್ದೇಶಿಸಬಹುದು. ಬ್ರಿಟಿಷ್ ನಟ ಕೆನೆತ್ ಬ್ರಾನಾ 1987ರಲ್ಲಿ ಕಟ್ಟಿದ ತಂಡ ಮರುವರ್ಷ ಮಾಡಿದ್ದು ಇದನ್ನೇ: ಡೆರೆಕ್ ಜಾಕೋಬಿ, ಜೂಡಿ ಡೆಂಚ್, ಜೆರಾಲ್ಡಿನ್ ಮೆಕ್‌ಯುವನ್, ಮೂವರು ನಟರು ಒಂದೊಂದು ನಾಟಕ ನಿರ್ದೇಶಿಸಿದರು, ಬ್ರಾನಾ ನಟಿಸಿದರು.

ಮುಂದಿನ ಹೆಜ್ಜೆಗಳನ್ನು ನಾನಾದರೆ ಹೀಗೆ ಇಡಿಸುತ್ತೇನೆ: ಒಂದೆರಡು ನಾಟಕಕ್ಕೆ ಸಹಾಯಕರಾಗಿ ಪುಸ್ತಕ ಹಿಡಿಯುವುದು, ಮೂರು ಪಾತ್ರದ 40 ನಿಮಿಷದ ನಾಟಕವೊಂದನ್ನು ತಾವು ನಟಿಸದೆ ನಿರ್ದೇಶಿಸುವುದು, ಆಮೇಲೆ ತಮ್ಮ ನಿರ್ದೇಶನದಲ್ಲಿ ಎರಡು ದೃಶ್ಯದ ಸಣ್ಣ ಪಾತ್ರ, ಅದಾದ ಮೇಲೆ ದೊಡ್ಡದು. ನಿಮ್ಮ ತಂಡ ಈಗ ನಾಲ್ಕನೆಯ ಮೆಟ್ಟಿಲಿಗೆ ಕರೆಯುತ್ತಿದೆ.

ಒಪ್ಪುವುದಾದರೆ ತಂಡದೊಂದಿಗೆ ಎರಡು ಒಪ್ಪಂದ ಬರೆಸಿಕೊಳ್ಳಿ, ನಟನೆಗೆ ಒಂದು, ನಿರ್ದೇಶನಕ್ಕೆ ಒಂದು, ಸಂಭಾವನೆಯೂ ಬೇರೆ ಬೇರೆ. ಒಂದೇ ಕಾಗದದಲ್ಲಿ ಎರಡನ್ನೂ ಸೇರಿಸಿದರೆ ನಾಳೆ ಪಾತ್ರ ಬೇರೆಯವರಿಗೆ ಹೋದಾಗ ನಿರ್ದೇಶನದ ಹಕ್ಕೂ ಜೊತೆಗೇ ಹೋಗಬಹುದು. ವರ್ಷದ ನಂತರ ಇದೇ ನಾಟಕ ಮತ್ತೆ ರಂಗಕ್ಕೆ ಬಂದರೆ ನಿಮ್ಮ ಬ್ಲಾಕಿಂಗ್ ಬಳಸಬಹುದೇ, ಪೋಸ್ಟರಿನಲ್ಲಿ ಹೆಸರು ಹೇಗೆ ಬರಬೇಕು, ನೀವು ಹುಷಾರಿಲ್ಲದೆ ಮಲಗಿದರೆ ಪಾತ್ರ ಯಾರದು, ತಂಡಕ್ಕೆ ಸೂಚನೆ ಕೊಡುವವರು ಯಾರು ಎಂಬ ನಾಲ್ಕು ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿ. ನಾಟಕಕಾರರ, ಅನುವಾದವಾದರೆ ಅನುವಾದಕರ ಲಿಖಿತ ಅನುಮತಿ ಮೊದಲ ಓದಿಗೂ ಮುಂಚೆ ಕೈಯಲ್ಲಿರಬೇಕು. ಕತ್ತರಿ ಹಾಕುವುದಿದ್ದರೆ ಅದಕ್ಕೂ ಅನುಮತಿ ಇದೆಯೇ ಎಂದು ಓದಿ ನೋಡಿ.